ಮೂವತ್ತೆಂಟಕ್ಕೊಂದು ಹೆಸರು

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಮ್ಮ ಬೊಂಬಾಯಿ ಹೆಡ್ಡಾಫೀಸಿನವರ ಕತೆಯೂ ಅದೇ. ಇಷ್ಟು ವರ್ಷ ನಂಬರಿನಲ್ಲೇ ಓದಿಕೊಂಡು ಸುಖವಾಗಿದ್ದವರಿಗೆ ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಬರೀ ನಂಬರು ಸಾಲದು, ಇನ್ನು ಮೇಲೆ ಪ್ರತಿ ನಂಬರಿನ ಪಕ್ಕದಲ್ಲೂ ಓದಿದರೆ ತಿಳಿಯುವಂಥ ಒಂದು ಹೆಸರು ಅಚ್ಚಾಗಬೇಕು ಅಂದರು. ಆ ಹೆಸರುಗಳನ್ನು ಜೋಡಿಸಿ ಕೊಡುವ ಕರ್ಮ ನನ್ನ ಹಣೆಗೆ ಬಂತು.

ನಾನು ಅಂದರೆ ಗಿರಿಜಾದೇವಿ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪಂಪ್‌ಸೆಟ್ ಮೋಟಾರಿನ ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತೆ. ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕಾಯಿಸಿಟ್ಟು, ಎರಡನೇ ಬ್ಲಾಕಿನಿಂದ ನಡೆದು ಬರುವ ಹೊತ್ತಿಗೆ ನನ್ನ ಅರ್ಧ ಜೀವ ಹೋಗಿರುತ್ತಿತ್ತು. ಉಳಿದ ಅರ್ಧ ತೂತು ಹೊಡೆಯುವುದಕ್ಕೆ. ಯಾವ ಮೆಷಿನ್ನು ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಅಂತ ಸೂಪರ್‌ವೈಸರುಗಳು ದಿನಾ ಬರೆದು ಕಳಿಸುತ್ತಿದ್ದರು. ‘ಯಾಕೆ’ ಅನ್ನುವುದಕ್ಕೆ ನಂಬರು. ಕರೆಂಟ್ ಹೋದರೆ ಹನ್ನೊಂದು, ತಾಮ್ರದ ತಂತಿ ಬರದಿದ್ದರೆ ಹದಿನಾಲ್ಕು, ಮೆಷಿನ್ ಕೆಟ್ಟರೆ ಇಪ್ಪತ್ತೊಂದು, ಕೆಲಸದವಳು ಸುಮ್ಮನೆ ಕೂತಿದ್ದರೆ ಐವತ್ತೆರಡು. ಅದನ್ನೆಲ್ಲ ನಾನು ರಟ್ಟಿನ ಕಾರ್ಡುಗಳಲ್ಲಿ ತೂತು ಮಾಡಿ ಕೊಟ್ಟರೆ, ಕಂಟೋನ್ಮೆಂಟಿನ ಕಡೆಯ ಒಂದು ಕಂಪ್ಯೂಟರ್ ಕಂಪನಿಯವರು ತಮ್ಮ ಯಂತ್ರಕ್ಕೆ ಓದಿಸಿ ತಿಂಗಳಿಗೊಮ್ಮೆ ಉದ್ದನೆಯ ಕಾಗದ ಅಚ್ಚು ಮಾಡಿಸಿ ತರುತ್ತಿದ್ದರು. ಪುಟದ ತುಂಬ ಅಂಕಿ, ಇರುವೆ ಹರಿದ ಹಾಗೆ. ಯಾರೂ ಪೂರ್ತಿ ಓದುತ್ತಿರಲಿಲ್ಲ, ಅದೇ ಒಂದು ಪುಣ್ಯ.

ಆ ನಂಬರುಗಳ ಪಟ್ಟಿಯಲ್ಲಿ ಮೂವತ್ತೆಂಟು ಇರಲೇ ಇಲ್ಲ. ಅದನ್ನು ಹುಟ್ಟಿಸಿದವರು ವೈಂಡಿಂಗ್ ಸೆಕ್ಷನ್ನಿನ ಸೂಪರ್‌ವೈಸರ್ ಏಕಾಂತಯ್ಯ. ಮೋಟಾರಿನ ಒಳಗಿನ ಸುರುಳಿಗೆ ತಂತಿ ಸುತ್ತುವ ಆ ಸೆಕ್ಷನ್ನಿನಲ್ಲಿ ಎಲ್ಲರೂ ಹೆಂಗಸರು. ಎಳೆಗೂಸಿನ ತಾಯಂದಿರು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಗೇಟಿನ ಹತ್ತಿರ ಹೋಗಿ, ಮನೆಯವರು ಎತ್ತಿಕೊಂಡು ಬಂದ ಮಗುವಿಗೆ ಹಾಲು ಕುಡಿಸಿ ಬರುತ್ತಿದ್ದರು. ಹಾಗಂತ ಗಂಡಸಿನ ಎದುರಿಗೆ ಬಾಯಿಬಿಟ್ಟು ಹೇಳುವುದಕ್ಕೆ ಅವರಿಗೆ ನಾಚಿಕೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ನೆಲ ನೋಡಿ ನಡೆಯುವ ಏಕಾಂತಯ್ಯನವರಿಗೆ ಕೇಳುವುದಕ್ಕೆ ಅದಕ್ಕಿಂತ ಹೆಚ್ಚು ನಾಚಿಕೆ. ಯಾವ ಕಾಲದಲ್ಲೋ ಅವರು ಪಟ್ಟಿಯಲ್ಲಿ ಖಾಲಿ ಇದ್ದ ಒಂದು ನಂಬರು ಹುಡುಕಿ ಬರೆದರು. ಯಂತ್ರ ತಕರಾರು ಮಾಡಲಿಲ್ಲ, ನಾನೂ ಮಾಡಲಿಲ್ಲ. ಅಲ್ಲಿಂದ ಅದೇ ರೂಢಿಯಾಯಿತು. “ಏಕಾಂತಯ್ಯನೋರೆ, ಮೂವತ್ತೆಂಟು” ಅಂದರೆ ಸಾಕು, ಅವರು ತಲೆ ಎತ್ತದೆ ಹೋಗು ಅಂತ ಕೈ ಆಡಿಸುತ್ತಿದ್ದರು. ಯಾರಾದರೂ ಬಸುರಿಯಾದರೆ “ಏನೇ, ನಿಂಗೂ ಮೂವತ್ತೆಂಟು ಬಂತೇನೇ?” ಅಂತ ಉಳಿದವರು ಛೇಡಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಮೂವತ್ತೆಂಟು ಇದ್ದದ್ದು ಒಬ್ಬಳಿಗೇ, ಲಗ್ಗೆರೆಯ ಅಂಜಮ್ಮನಿಗೆ. ಅವಳದು ಟೆಂಪರರಿ ಕೆಲಸ. ಗಂಡ ಗಾರೆ ಕೆಲಸಕ್ಕೆ ಹೋಗಿ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದ, ಹಾಗಾಗಿ ಹೆರಿಗೆಯಾಗಿ ಮೂರು ತಿಂಗಳಿಗೆಲ್ಲ ಓಡಿ ಬಂದಿದ್ದಳು. ಮಗು ಹೆಣ್ಣು. ಅವಳ ಅತ್ತೆ ಮುನಿತಾಯಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಲಗ್ಗೆರೆಯಿಂದ ನಡೆದುಕೊಂಡೇ ಬಂದು ಗೇಟಿನ ಆಚೆ ಹೊಂಗೆಮರದ ಕೆಳಗೆ ಸಾಯಂಕಾಲದವರೆಗೂ ಕೂತಿರುತ್ತಿದ್ದಳು. ಅಂಜಮ್ಮ ಹೋಗಿ ಕುಡಿಸಿ ಬಂದರೆ ಅವಳ ಮುಖಕ್ಕೊಂದು ಕಳೆ ಬರುತ್ತಿತ್ತು, ತಂತಿ ಸುತ್ತುವ ಕೈಗೂ ಬರುತ್ತಿತ್ತು.

ಹೆಸರು ಜೋಡಿಸುವುದು ಹೇಗೆ ಅಂತ ಹೇಳಿಕೊಡಲು ಕಂಪ್ಯೂಟರ್ ಕಂಪನಿಯಿಂದ ಟೈ ಕಟ್ಟಿದ ಒಬ್ಬ ಬಂದ. ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕಂತೆ. ಹನ್ನೆರಡು ಅಕ್ಷರ ಮೀರಬಾರದಂತೆ, ಎರಡು ಪದಗಳ ನಡುವಿನ ಜಾಗವೂ ಒಂದು ಅಕ್ಷರದ ಲೆಕ್ಕವಂತೆ. ಹೆಸರಿಲ್ಲದ ನಂಬರು ಬಂದರೆ ಯಂತ್ರ ಆ ಕಾರ್ಡನ್ನೇ ಆಚೆಗೆ ತಳ್ಳುತ್ತದಂತೆ. ಕರೆಂಟು, ತಂತಿ, ರಿಪೇರಿ ಎಲ್ಲಕ್ಕೂ ಹೆಸರು ಸಿಕ್ಕಿತು. ವರ್ಕ್ಸ್ ಮ್ಯಾನೇಜರ್ ಚನ್ನವೀರಪ್ಪನವರ ಕೋಣೆಯಲ್ಲಿ ಎಲ್ಲರೂ ಕೂತು ಒಂದೊಂದೇ ಓದುತ್ತ ಮೂವತ್ತೇಳು ದಾಟಿದೆವು.

ಚನ್ನವೀರಪ್ಪನವರು ದಾವಣಗೆರೆ ಕಡೆಯವರು, ಕೆಟ್ಟವರಲ್ಲ. ಎದುರಿಗಿದ್ದವರ ಕಷ್ಟಕ್ಕೆ ‘ಅಯ್ಯೋ ಪಾಪ’ ಅಂದು, ಬೊಂಬಾಯಿಯ ಫೋನು ಬಂದರೆ ಎದ್ದು ನಿಂತು ಮಾತಾಡುವ ಪೈಕಿ.

“ಇದೇನ್ರೀ ಮೂವತ್ತೆಂಟು? ಪಟ್ಟೀಲಿ ಇಲ್ಲ. ಪ್ರತಿ ತಿಂಗಳು ರಿಪೋರ್ಟಲ್ಲಿ ಮಾತ್ರ ಗಂಟೆಗಟ್ಲೆ ಇದೆಯಲ್ಲ” ಅಂದರು.

ಏಕಾಂತಯ್ಯನವರು ಗಂಟಲು ಸರಿಮಾಡಿಕೊಂಡರು. “ಅದು... ಹೆಣ್ಮಕ್ಕಳದ್ದು ಇರುತ್ತಲ್ಲ ಸಾರ್.”

“ಏನಿರುತ್ತೆ?”

“ಸ್ವಂತದ್ದು ಸಾರ್. ಅವರವರ... ಮನೆ ಕಡೆದು.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮ ಏಕಾಂತಯ್ಯನವರನ್ನು ಮೀರಿಸುವವರಿಲ್ಲ. ಟೈ ಕಟ್ಟಿದವನು ‘ಅದರ್ಸ್’ ಅಂತ ಹಾಕಿಬಿಡಿ ಅಂದ. ಇತರೆ ಅಂದರೆ ಕಳ್ಳರ ಗೂಡು ಅಂತಾರೆ ಬೊಂಬಾಯಿಯವರು, ಅದು ಬೇಡ ಅಂದರು ಮ್ಯಾನೇಜರು. ‘ಮೆಷಿನ್ ಸೆಟ್ಟಿಂಗ್’ ಅಂತ ಬರೆದರೆ ಹೇಗೆ ಅಂತ ಏಕಾಂತಯ್ಯ ಕೇಳಿದರು. ಹಾಗೆ ಬರೆದರೆ ಫಿಟ್ಟರುಗಳ ಕುತ್ತಿಗೆಗೆ ಬರುತ್ತದೆ ಅಂದರು ಮ್ಯಾನೇಜರು. ಮೂರು ಜನ ಗಂಡಸರು ಒಂದು ಕೂಸಿನ ಸುತ್ತ ಹೀಗೆ ಗಿರಗಿರ ತಿರುಗುವುದನ್ನು ನೋಡಿ ನೋಡಿ ನನಗೆ ರೇಗಿತು. ಬೆಳಿಗ್ಗೆಯಿಂದ ಮಂಡಿ ಬೇರೆ ನೋಯುತ್ತಿತ್ತು.

“ಮಗೂಗೆ ಹಾಲು ಕುಡಿಸೋದು ಸಾರ್” ಅಂದೆ, ಕಡ್ಡಿ ಮುರಿದ ಹಾಗೆ. “ಇಂಗ್ಲಿಷಲ್ಲಿ ಅದಕ್ಕೇನಂತಾರೋ ನೋಡಿ ಬರೀರಿ, ಮುಗೀತು.”

ಏಕಾಂತಯ್ಯ ತಲೆ ತಗ್ಗಿಸಿದರು. ಟೈ ಕಟ್ಟಿದವನು ತನ್ನ ಕಾಗದಗಳನ್ನು ಜೋಡಿಸತೊಡಗಿದ. ಚನ್ನವೀರಪ್ಪನವರ ಮುಖ ಕೆಂಪಗಾಗಿ, ಆಮೇಲೆ ನಿಧಾನವಾಗಿ ಕಪ್ಪಿಟ್ಟಿತು.

“ಗಿರಿಜಾದೇವಿಯವರೇ, ಇದು ಅಚ್ಚಾಗಿ ಬಂದ್ರೆ ಏನಾಗುತ್ತೆ ಗೊತ್ತೇನ್ರೀ? ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದು ತೊಟ್ಟಿಲೆಲ್ಲಿ, ಆಯಾ ಎಲ್ಲಿ ಅಂತ ಕೂರ್ತಾನೆ.”

“ಕುಡಿಸೋಕೆ ಕಾನೂನೇ ಟೈಮ್ ಕೊಟ್ಟಿದೆಯಲ್ಲ ಸಾರ್.”

“ಕಾನೂನು ಇದೆ ಅಂತಲೇ ಭಯ ಕಣ್ರೀ. ಬೊಂಬಾಯಿನ ಕೇಳ್ದೆ ನಾನು ಹೆಸರು ಹಾಕೋಕಾಗಲ್ಲ. ಕೇಳಿ ಬರೀತೀನಿ.”

“ಅಲ್ಲೀವರೆಗೂ?”

“ಅಲ್ಲೀವರೆಗೂ ಮೂವತ್ತೆಂಟು ಯಾರೂ ಬರೀಬಾರದು. ಯಾರಾದ್ರೂ ಮೆಷಿನ್ ಬಿಟ್ಟು ಹೋದ್ರೆ ಐವತ್ತೆರಡು ಹಾಕಿ.” ಅಷ್ಟು ಹೇಳಿ ‘ಪಾಪ’ ಅಂತಲೂ ಅಂದರು.

ಐವತ್ತೆರಡು ಅಂದರೆ ಸೋಮಾರಿ. ಟೆಂಪರರಿಯವರಲ್ಲಿ ಯಾರ ಮುಂದೆ ಐವತ್ತೆರಡು ಬೆಳೆಯುತ್ತದೋ ಅವರಿಗೆ ಮುಂದಿನ ತಿಂಗಳು ಗೇಟಿನಲ್ಲೇ ನಮಸ್ಕಾರ. ಯೂನಿಯನ್ನಿನವರ ಹತ್ತಿರ ಹೋಗೋಣವೆಂದರೆ ಅದು ಎಮರ್ಜೆನ್ಸಿಯ ಕಾಲ. ಗೇಟಿನ ಮೇಲೆಯೇ ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಅಂತ ಬೋರ್ಡು ನೇತುಹಾಕಿದ್ದರು, ಅವರೆಲ್ಲ ಅದರ ಕೆಳಗೆ ತೆಪ್ಪಗೆ ಓಡಾಡಿಕೊಂಡಿದ್ದರು.

ಮಾರನೇ ದಿನ ಅಂಜಮ್ಮ ಎಂದಿನಂತೆ ಎದ್ದು ನಿಂತು “ಮೂವತ್ತೆಂಟು” ಅಂದಳಂತೆ. ಏಕಾಂತಯ್ಯನವರ ಕೈ ಮೇಲೇಳಲಿಲ್ಲ. ಅವರಿಗೆ ಹೇಳುವುದಕ್ಕೂ ಬಾಯಿ ಬರದೆ ನನಗೆ ಹೇಳಿ ಕಳಿಸಿದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾವಾಗಲೂ ನನ್ನದೇ. ನಾನು ಹೋಗಿ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಎಷ್ಟ್ ದಿನ ಗಿರಿಜಕ್ಕ?” ಅಂದಳು.

“ಬೊಂಬಾಯಿಯೋರು ಒಂದು ಹೆಸರು ಒಪ್ಪೋವರೆಗೆ.”

“ಹೆಸ್ರಿಡಾಕೆ ಎಷ್ಟೊತ್ತು ಬೇಕಕ್ಕ? ವಾರದೊಳ್ಗೆ ಆಯ್ತದೆ ಬುಡು” ಅಂದು ಅವಳೇ ನನಗೆ ಸಮಾಧಾನ ಹೇಳಿ ಮೆಷಿನ್ನಿನ ಮುಂದೆ ಕೂತಳು. ನನಗೂ ಹಾಗೇ ಅನ್ನಿಸಿತ್ತು.

ಗೇಟಿನಾಚೆ ಮುನಿತಾಯಮ್ಮನಿಗೆ ಹೇಳುವುದು ಇಷ್ಟು ಸಲೀಸಾಗಿರಲಿಲ್ಲ. ಮಗು ಅಳುತ್ತಿತ್ತು. ಮುದುಕಿ ಅದನ್ನು ಭುಜದ ಮೇಲೆ ತಟ್ಟುತ್ತ ನನ್ನ ಮಾತೆಲ್ಲ ಕೇಳಿಸಿಕೊಂಡು ಉರಿದುಬಿದ್ದಳು.

“ನಂಬ್ರಕ್ಕೆ ಹೆಸ್ರಿಲ್ಲ ಅಂತ ಮಗೀಗೆ ಹಾಲಿಲ್ವಾ? ಈ ಮಗೀಗೂ ಇನ್ನೂ ಹೆಸ್ರಿಟ್ಟಿಲ್ಲ ಕಣವ್ವಾ, ಹಂಗಂತ ಹೊಟ್ಟೆ ಹಸಿಯಾಕಿಲ್ವಾ? ಕಂಡೋರ ಮಕ್ಕಳ್ನ ಬಾವಿಗೆ ತಳ್ಳಿ ಆಳ ನೋಡ್ತಾವ್ರೆ ನಿಮ್ಮೋರು!”

‘ನಿಮ್ಮೋರು’ ಅಂದದ್ದು ನನಗೆ ಚುಚ್ಚಿತು. ಹೌದಲ್ಲ, ಅವಳ ಕಣ್ಣಿಗೆ ನಾನೂ ಆಫೀಸಿನವಳೇ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಂಜಮ್ಮ ಒಂದು ತುತ್ತೂ ಬಾಯಿಗಿಡದೆ ಗೇಟಿಗೆ ಓಡುತ್ತಿದ್ದಳು. ಅದೊಂದು ಹೊತ್ತು ಬಿಟ್ಟರೆ ಇನ್ನೆರಡು ಹೊತ್ತು ಕೂಸಿಗೂ ಹಾಲಿಲ್ಲ, ಅವಳಿಗೂ ಬಿಡುಗಡೆ ಇಲ್ಲ. ಎದೆ ಬಿಗಿದು ಕಲ್ಲಾಗುತ್ತಿತ್ತು. ಸೆರಗನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡರೂ ರವಿಕೆ ತೊಯ್ದು ಹೋಗುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಮಗುವಿನ ಅಳು ವೈಂಡಿಂಗ್ ಸೆಕ್ಷನ್ನಿಗೇ ಕೇಳಿಸುತ್ತಿತ್ತು. ಆಗ ಅವಳ ಕೈಯಲ್ಲಿ ತಂತಿ ಪಟ್ಟಂತ ತುಂಡಾಗುತ್ತಿತ್ತು. ಪಕ್ಕದ ಹೆಂಗಸರು ಕಿಟಕಿ ಮುಚ್ಚಿ ಆ ಸೆಕೆಯಲ್ಲೇ ಬೆವರುತ್ತ ಕೂತಿರುತ್ತಿದ್ದರು.

ನಾವೇನೂ ಕೈಕಟ್ಟಿ ಕೂರಲಿಲ್ಲ. ಏಕಾಂತಯ್ಯನವರು ಒಂದು ವಾರ ಅವಳನ್ನು ಗುಟ್ಟಾಗಿ ಗೇಟಿಗೆ ಕಳಿಸಿ, ಆ ಹೊತ್ತಿಗೆಲ್ಲ ಹದಿನಾಲ್ಕು ಬರೆದರು, ಅಂದರೆ ತಂತಿ ಬಂದಿಲ್ಲ ಅಂತ. ಹಿಂದೆಯಾಗಿದ್ದರೆ ಅದು ಅಂಕಿಗಳ ಇರುವೆ ಸಾಲಿನಲ್ಲಿ ಕಳೆದುಹೋಗುತ್ತಿತ್ತು. ಈಗ ಹದಿನಾಲ್ಕರ ಪಕ್ಕದಲ್ಲಿ ಸ್ಟೋರ್ಸಿನವರ ತಪ್ಪು ಅಂತ ದೊಡ್ಡಕ್ಷರದಲ್ಲಿ ಅಚ್ಚಾಗುತ್ತದೆ. ಸ್ಟೋರ್ಸಿನ ಶಿವಬಸಪ್ಪ ಚೀಟಿಗಳ ಕಟ್ಟು ಹಿಡಿದುಕೊಂಡೇ ಜಗಳಕ್ಕೆ ಬಂದ. “ತಂತಿ ನಾನು ಕೊಟ್ಟಿದೀನಿ. ನಿಮ್ಮ ದಾನಧರ್ಮಕ್ಕೆ ನನ್ನ ಹೆಸರು ಯಾಕೆ ಕೆಡಿಸ್ತೀರಾ?” ಅಂದ. ಅವನ ಮಾತೂ ನ್ಯಾಯವೇ. ಮೆಷಿನ್ ಕೆಟ್ಟಿದೆ ಅಂದರೆ ಫಿಟ್ಟರು ಬರುತ್ತಾನೆ, ಕರೆಂಟಿಲ್ಲ ಅಂದರೆ ಸೆಕ್ಷನ್ನಿಗೆ ಸೆಕ್ಷನ್ನೇ ನಿಂತಿರಬೇಕು. ಹೆಸರು ಬಂದ ಮೇಲೆ ಪ್ರತಿ ನಂಬರಿಗೂ ಒಬ್ಬ ಯಜಮಾನ ಹುಟ್ಟಿಕೊಂಡಿದ್ದ, ಅಂಜಮ್ಮನನ್ನು ಬಚ್ಚಿಡುವುದಕ್ಕೆ ಎಲ್ಲೂ ಜಾಗ ಉಳಿಯಲಿಲ್ಲ.

ಬೊಂಬಾಯಿಯಿಂದ ಮೊದಲು ಬಂದದ್ದು ಪ್ರಶ್ನೆ. ಎಷ್ಟು ಹೆಂಗಸರು, ಎಷ್ಟು ಹೊತ್ತು, ಯಾವಾಗಿನಿಂದ? ಉತ್ತರ ಹೋಯಿತು. ಆಮೇಲೆ ಬಂದದ್ದು, ನಾವು ಬರೆದು ಕಳಿಸಿದ ಹೆಸರಿನಲ್ಲಿ ‘ಬೇಬಿ’ ಅನ್ನುವ ಪದ ಬೇಡ, ರಿಪೋರ್ಟಿಗೆ ಗಾಂಭೀರ್ಯ ಇರುವುದಿಲ್ಲ ಅಂತ. ಸರಿ, ಅದನ್ನೂ ತೆಗೆದೆವು. ಅಷ್ಟರಲ್ಲಿ ಮುನಿತಾಯಮ್ಮ ತಾಳಲಾರದೆ ಬಾಟ್ಲಿ ತಂದಿದ್ದಳು. ಹಸುವಿನ ಹಾಲಿಗೆ ನೀರು ಬೆರೆಸಿ ಮರದ ಕೆಳಗೇ ಕೂತು ಕುಡಿಸುತ್ತಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ಹೊಂಗೆಮರದ ಕೆಳಗೆ ಯಾರೂ ಕಾಣಲಿಲ್ಲ, ಮೆಷಿನ್ನಿನ ಮುಂದೆ ಅಂಜಮ್ಮನೂ ಇರಲಿಲ್ಲ.

ಮಗುವಿಗೆ ಭೇದಿ ಹತ್ತಿತ್ತು. ಭಾನುವಾರ ನಾನು ಲಗ್ಗೆರೆಗೆ ನಡೆದೆ. ಹೊಲ ದಾಟಿ ಹೋಗಿ ನೋಡಿದರೆ ಕೂಸು ಚಾಪೆಯ ಮೇಲೆ ಒಣಗಿದ ಎಲೆಯ ಹಾಗೆ ಬಿದ್ದಿತ್ತು, ಅಳುವುದಕ್ಕೂ ಶಕ್ತಿ ಇರಲಿಲ್ಲ. ಶಿವನೇ, ಹನ್ನೆರಡು ಅಕ್ಷರ ಸಿಗಲಿಲ್ಲ ಅಂತ ಒಂದು ಜೀವ ಹೋಗುತ್ತದಾ ಅಂತ ಅಲ್ಲೇ ಕೂತುಬಿಟ್ಟೆ. ಮುನಿತಾಯಮ್ಮ ಅವತ್ತು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ದೇವರು ದೊಡ್ಡವನು, ಮಗು ಉಳಿಯಿತು. ಅಂಜಮ್ಮ ಕೆಲಸಕ್ಕೆ ವಾಪಸ್ಸು ಬಂದಳು, ಇನ್ನೂ ರಜೆ ಹಾಕಿದರೆ ಇರುವ ಟೆಂಪರರಿಯೂ ಹೋಗುತ್ತಿತ್ತು. ಆದರೆ ಆ ಬಿಸಿಲಲ್ಲಿ ಬಡವಾದ ಕೂಸನ್ನು ಎತ್ತಿಕೊಂಡು ಬರುವುದು ಬೇಡ ಅಂತ ಮುನಿತಾಯಮ್ಮ ಮನೆಯಲ್ಲೇ ಉಳಿದಳು. ನಾನು ಸೀದಾ ಚನ್ನವೀರಪ್ಪನವರ ಕೋಣೆಗೆ ನುಗ್ಗಿದೆ.

“ಸಾರ್, ಬೊಂಬಾಯಿಯೋರಿಗೆ ಫೋನ್ ಮಾಡಿ. ಇವತ್ತೇ ಮಾಡಿ. ಇಲ್ಲಾಂದ್ರೆ ಮೂವತ್ತೆಂಟು ಬರೆಯೋಕೆ ಬಿಡಿ. ಕಾರ್ಡು ಆಚೆ ಬಿದ್ರೆ ಬೀಳ್ಲಿ, ನಾನೇ ಗುಡಿಸ್ತೀನಿ.”

“ಕೋಪ ಮಾಡ್ಕೋಬೇಡಿ ಗಿರಿಜಾದೇವಿಯವರೇ” ಅಂದರು. ನಿಜಕ್ಕೂ ಅವರಿಗೆ ಸಂತೋಷವಾಗಿತ್ತು. “ಬಂದಿದೆ. ಬೆಳಿಗ್ಗೆ ತಾನೇ ಒಪ್ಪಿಗೆ ಬಂತು. ‘ನರ್ಸಿಂಗ್ ಬ್ರೇಕ್’. ಎಷ್ಟು ಚೆನ್ನಾಗಿದೆ ನೋಡಿ, ಮರ್ಯಾದೆ ಮಾತು.”

ನಾನು ಅಲ್ಲೇ ಬೆರಳು ಮಡಿಸಿ ಎಣಿಸಿದೆ. ಎರಡನೇ ಸಲ ಎಣಿಸಿದೆ. ನಡುವಿನ ಜಾಗ ಸೇರಿ ಹದಿಮೂರು, ಒಂದು ಹೆಚ್ಚು.

“ಕೊನೇ ಅಕ್ಷರ ಬಿಟ್ಟುಬಿಡೋಣ ಸಾರ್. ಅರ್ಥ ಆಗುತ್ತೆ.”

“ಅಯ್ಯಯ್ಯೋ, ಒಪ್ಪಿಗೆ ಬಂದ ಪದಾನ ನಾವು ಮುರಿಯೋದುಂಟಾ? ಇನ್ನೊಂದ್ಸಲ ಕೇಳ್ತೀನಿ. ಇಷ್ಟು ದಿನ ತಡ್ಕೊಂಡಿದೀರಿ, ಇನ್ನೇನು.”

ತಡೆದುಕೊಂಡವರು ಯಾರು ಅಂತ ಕೇಳಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಮನೆಗೆ ಹೋಗಿ ಅತ್ತೆಯ ಮೈ ಒರೆಸಿ ಗಂಜಿ ಕುಡಿಸುವಾಗ ಸೀರೆಯ ಮೇಲೆಲ್ಲ ಚೆಲ್ಲಿಕೊಂಡೆ. ಆ ಮುದುಕಿಗೂ ಬೈದೆ, ಪಾಪ.

ಇನ್ನೊಂದು ಸಲದ ಒಪ್ಪಿಗೆ ಬರುವ ಹೊತ್ತಿಗೆ ಮುಂಗಾರು ಹಿಡಿದಿತ್ತು. ‘ನರ್ಸಿಂಗ್ ಟೈಮ್’. ಹನ್ನೆರಡಕ್ಕೆ ಹನ್ನೆರಡು, ಅಳತೆ ಕೊಟ್ಟು ಹೊಲಿಸಿದ ಹಾಗೆ. ಮೂವತ್ತೆಂಟು, ಅದರ ಮುಂದೆ ಈ ಹೆಸರು, ಎರಡನ್ನೂ ಒಂದು ಕಾರ್ಡಿನಲ್ಲಿ ತೂತು ಮಾಡಿ ಕಂಪ್ಯೂಟರ್ ಕಂಪನಿಯವರಿಗೆ ಕಳಿಸಿ, ನಾನು ಮಂಡಿನೋವು ಮರೆತು ಮೆಟ್ಟಿಲಿಳಿದು ವೈಂಡಿಂಗ್ ಸೆಕ್ಷನ್ನಿಗೆ ಬಂದೆ. ಏಕಾಂತಯ್ಯನವರು ನನ್ನ ಮುಖ ನೋಡಿದ್ದೇ ಅರ್ಥ ಮಾಡಿಕೊಂಡರು. ಯಾರೂ ಕೇಳದಿದ್ದರೂ ಅಂಜಮ್ಮನ ಕಡೆ ತಿರುಗಿ ‘ಹೋಗು’ ಅಂತ ಕೈ ಆಡಿಸಿದರು.

ಅವಳು ಏಳಲಿಲ್ಲ.

“ಏ ಅಂಜಮ್ಮ, ಹೆಸರು ಬಂತು ಕಣೇ. ಇನ್ನು ಯಾರೂ ಏನೂ ಅನ್ನಂಗಿಲ್ಲ. ನಾಳೆಯಿಂದ ಅತ್ತೆಗೆ ಮಗೂನ ಕರ್ಕೊಂಡು ಬರೋಕೆ ಹೇಳು.”

“ಏನಕ್ಕಕ್ಕ ಬರ್ಲಿ?” ಅಂದಳು. ಕೈ ತಂತಿಯ ಮೇಲೇ ಇತ್ತು. “ಬಾಟ್ಲಿ ರುಚಿ ಹತ್ಕೊಂಡ್ಬುಟ್ಟೈತೆ. ಎದೆಗಿಟ್ರೆ ಮುಖ ತಿರುಗಿಸ್ತದೆ. ನಂಗೂ ಬತ್ತೋಯ್ತು. ಮೆಂತ್ಯ ತಿಂದೆ, ಬೆಳ್ಳುಳ್ಳಿ ತಿಂದೆ, ಅತ್ತೆ ಅದೇನೋ ಸೊಪ್ಪು ಅರೆದು ಕೊಟ್ಟಳು. ಬರ್ಲಿಲ್ಲ.” ಆಮೇಲೆ ನನ್ನ ಮುಖ ನೋಡಿ “ನೀನ್ಯಾಕೆ ಅಳ್ತೀಯಾ, ಬುಡಕ್ಕ. ಮಗು ಉಳ್ಕಂತಲ್ಲ” ಅಂದಳು.

ಏಕಾಂತಯ್ಯನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಆಚೆಗೆ ಹೋದರು.

ಮುಂದಿನ ತಿಂಗಳ ರಿಪೋರ್ಟು ಬಂದ ದಿನ ಚನ್ನವೀರಪ್ಪನವರು ನನ್ನನ್ನು ಕರೆಸಿದರು. ಉದ್ದನೆಯ ಕಾಗದ ಮೇಜಿನ ತುಂಬ ಹರಡಿತ್ತು. ಇಂಥ ನೀಟಾದ ರಿಪೋರ್ಟು ಬೇರೆ ಯಾವ ಕಾರ್ಖಾನೆಯಿಂದಲೂ ಬಂದಿಲ್ಲ ಅಂತ ಬೊಂಬಾಯಿಯವರು ಫೋನಿನಲ್ಲೇ ಹೊಗಳಿದ್ದರಂತೆ. ನನಗೂ ಕಾಫಿ ತರಿಸಿದರು. ಆಮೇಲೆ ಮೂವತ್ತೆಂಟರ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಅದರ ಮುಂದೆ ಸೊನ್ನೆ.

“ನೋಡಿದ್ರಾ ಗಿರಿಜಾದೇವಿಯವರೇ? ಮೊದಲು ಗಂಟೆಗಟ್ಲೆ ಹೋಗ್ತಿತ್ತು. ಹೆಸರು ಇಟ್ಟಿದ್ದೇ ತಡ, ನಿಂತೇಹೋಯ್ತು.”

“ಹೌದು ಸಾರ್” ಅಂದೆ. “ಲಗ್ಗೆರೆ ಅಂಜಮ್ಮನ ಹಾಲು ನಿಂತೋಯ್ತು.”

ಅವರು ಕಾಗದದಿಂದ ಬೆರಳು ತೆಗೆದರು. ಆಮೇಲೆ ‘ಅಯ್ಯೋ ಪಾಪ’ ಅಂದು, ಕಾಫಿ ಆರುತ್ತೆ ಕುಡೀರಿ ಅಂದರು. ನಾನು ಕುಡಿಯದೆ ಎದ್ದು ಬಂದು ಆವತ್ತಿನ ಕಾರ್ಡುಗಳನ್ನು ಮುಂದಿಟ್ಟುಕೊಂಡು ಕೂತೆ.